ರಷ್ಯದ ಯುದ್ಧನೀತಿ ಮತ್ತು ನಮ್ಮ ಹುಡುಗರು

(ಡೊಂಬಿವಲಿಯಲ್ಲಿ ಸಂಘದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಈ ದಿನದ ವಿಷಯವನ್ನು ಹಲಗೆಯ ಮೇಲೆ ಬರೆದಾಗ ಕೆಲವರು ನಕ್ಕರು. ಭಟ್ಟಿಯ ಮುಂದೆ ನಿಲ್ಲುವವರಿಗೂ ತಟ್ಟೆ ತೊಳೆಯುವವರಿಗೂ ರಷ್ಯದ ಸೇನಾಪತಿಗಳ ಲೆಕ್ಕಾಚಾರ ಏತಕ್ಕೆ ಎಂದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ಆದ್ದರಿಂದ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. 2023ರ ಕೊನೆಯಲ್ಲಿ ನಮ್ಮ ಕಲಬುರಗಿ ಜಿಲ್ಲೆಯ ಮೂವರು ಯುವಕರು ಕಾವಲುಗಾರನ ಕೆಲಸವೆಂಬ ಮಾತನ್ನು ನಂಬಿ ರಷ್ಯಕ್ಕೆ ಹೋದರು. ಅವರ ಕೈಗೆ ಬಂದದ್ದು ಸಿಪಾಯಿಯ ಬಟ್ಟೆ. ಅವರನ್ನು ಕೊಂಡೊಯ್ದು ನಿಲ್ಲಿಸಿದ್ದು ಯುಕ್ರೇನಿನ ಯುದ್ಧಭೂಮಿಯ ಹತ್ತಿರ. ಅದಕ್ಕೂ ಮೊದಲು, 2022ರ ಮಾರ್ಚ್ 1ರಂದು, ಹಾವೇರಿ ಜಿಲ್ಲೆ ರಾಣೆಬೆನ್ನೂರು ತಾಲೂಕಿನ ಚಳಗೇರಿಯ ವೈದ್ಯ ವಿದ್ಯಾರ್ಥಿಯೊಬ್ಬ ಖಾರ್ಕಿವ್ ಪಟ್ಟಣದಲ್ಲಿ ಊಟದ ಸಾಮಾನು ತರಲು ಹೊರಗೆ ಬಂದಾಗ ಷೆಲ್ಲು ಬಿದ್ದು ಸತ್ತ. ಅಂದಮೇಲೆ ಈ ಯುದ್ಧ ನಮ್ಮ ಮನೆ ಬಾಗಿಲಿಗೆ ಬಂದಾಗಿದೆ. ಅದು ಯಾವ ವಿಚಾರದಿಂದ ನಡೆಯಿತು, ಅದಕ್ಕೆ ಏಕೆ ಅಷ್ಟೊಂದು ಮಂದಿ ಬೇಕಾದರು ಎಂದು ತಿಳಿಯದಿದ್ದರೆ, ನಾಳೆ ನಮ್ಮ ಕೋಣೆಯ ಹುಡುಗನ ಮೊಬೈಲಿಗೆ ಅಂಥದೇ ಕರೆ ಬಂದಾಗ ನಾವು ಏನು ಹೇಳುವುದು?

ನಾನು ಏಳನೆಯ ಇಯತ್ತೆ ಓದಿ ಹೋಟೆಲಿಗೆ ಬಂದವನು. ಸೇನೆಯ ವಿದ್ಯೆ ನನ್ನದಲ್ಲ. ರಾತ್ರಿ ಹೊತ್ತು ಓದಿ ತಿಳಿದದ್ದನ್ನು ನಮ್ಮ ಮಾತಿನಲ್ಲಿ ಹೇಳುತ್ತೇನೆ.

ಯುದ್ಧದ ವಿದ್ಯೆಯಲ್ಲಿ ಮೂರು ಮೆಟ್ಟಿಲುಗಳಿವೆ. ಕಾವಲಿಯ ಮೇಲೆ ದೋಸೆ ಹರಡುವುದು ಒಂದು ಕೈಚಳಕ. ಒಳ್ಳೆಯ ಭಟ್ಟರು ಒಂದೂ ಹರಿಯದಂತೆ ನೂರು ಎತ್ತುತ್ತಾರೆ. ಆದರೆ ಬೆಳಗಿನ ಏಳರಿಂದ ಹತ್ತರವರೆಗಿನ ಗಿರಾಕಿಯ ಗದ್ದಲವನ್ನು ದಾಟಿಸುವುದು ಇನ್ನೊಂದು ವಿದ್ಯೆ: ಹಿಂದಿನ ದಿನವೇ ಅಕ್ಕಿ ನೆನೆಯಬೇಕು, ರಾತ್ರಿ ಹಿಟ್ಟು ಹುಳಿಯಬೇಕು, ಸಿಲಿಂಡರು ಮುಗಿಯುವ ಮೊದಲೇ ಇನ್ನೊಂದು ಬಂದಿರಬೇಕು, ತಟ್ಟೆ ತೊಳೆಯುವವನು ಹಿಂದೆ ಬಿದ್ದರೆ ಮುಂದಿನವರೆಲ್ಲ ನಿಲ್ಲುತ್ತಾರೆ. ಇನ್ನು ಈ ಹೋಟೆಲು ಸ್ಟೇಷನ್ನಿನ ಮುಂದೆ ಇರಬೇಕೋ ಹೆದ್ದಾರಿಯ ಬದಿಗೋ, ನಷ್ಟವಾದರೆ ಎಷ್ಟು ತಿಂಗಳು ತಡೆಯಬಹುದು ಎಂಬುದು ಮೂರನೆಯದು. ಅದು ಮಾಲೀಕನ ತಲೆ. ಸೇನೆಯಲ್ಲಿ ಮೊದಲನೆಯದು ತಂತ್ರ, ಮೂರನೆಯದು ಯುದ್ಧನೀತಿ. ನಡುವಿನದಕ್ಕೆ ಬಹಳ ಕಾಲ ಸರಿಯಾದ ಹೆಸರೇ ಇರಲಿಲ್ಲ. ಅದಕ್ಕೆ ಕಾರ್ಯಾಚರಣೆಯ ಕಲೆ ಎಂದು ಹೆಸರಿಟ್ಟು ಶಾಸ್ತ್ರ ಮಾಡಿದವರು 1920ರ ದಶಕದ ರಷ್ಯನ್ನರು. ಆ ವಿಚಾರಕ್ಕೆ ಅವರು ಏಕೆ ಬಂದರು ಎನ್ನುವುದಕ್ಕೆ ಇನ್ನೂ ಹಿಂದೆ ಹೋಗಬೇಕು.

1812ರ ಜೂನ್ 24ರಂದು ನೆಪೋಲಿಯನ್ ನೀಮನ್ ನದಿ ದಾಟಿ ರಷ್ಯದೊಳಗೆ ನುಗ್ಗಿದ. ಅವನ ಜೊತೆ ನಾಲ್ಕು ಲಕ್ಷಕ್ಕೂ ಮಿಕ್ಕ ಸೈನ್ಯ. ಒಂದೇ ದೊಡ್ಡ ಕಾಳಗದಲ್ಲಿ ಶತ್ರುವನ್ನು ಕೆಡಹುವುದು ಅವನ ಪದ್ಧತಿ. ರಷ್ಯದ ಸೇನಾಪತಿ ಬಾರ್ಕ್ಲೆ ಡಿ ಟಾಲಿ ಆ ಕಾಳಗವನ್ನೇ ಕೊಡಲಿಲ್ಲ, ಹಿಂದೆ ಹಿಂದೆ ಸರಿದ. ಜನ ಅವನನ್ನು ಹೇಡಿಯೆಂದು ಬೈದರು. ಬೈಗಳ ಕಾವು ಏರಿ ಅವನ ಸ್ಥಾನಕ್ಕೆ ಮುದುಕ ಕುತುಜೋವ್ ಬಂದ. ಸೆಪ್ಟೆಂಬರ್ 7ರಂದು ಬೊರೊದಿನೊದಲ್ಲಿ ಘೋರ ಕಾಳಗವನ್ನು ಮಾಡಿ ಅವನೂ ಹಿಂದೆ ಸರಿದ, ಮಾಸ್ಕೋವನ್ನೇ ಬಿಟ್ಟುಕೊಟ್ಟ. ನೆಪೋಲಿಯನ್ ಊರೊಳಗೆ ಕಾಲಿಟ್ಟಾಗ ಅಲ್ಲಿ ಬೆಂಕಿ. ಐದು ವಾರ ಸಂಧಿಯ ಮಾತಿಗೆ ಕಾದು ಕುಳಿತ, ಯಾರೂ ಬರಲಿಲ್ಲ. ಅಕ್ಟೋಬರ್ 19ಕ್ಕೆ ಹೊರಟ. ಹಿಂದಿರುಗಿದ ಸೈನ್ಯ ಲೆಕ್ಕಕ್ಕೇ ಬಾರದಷ್ಟು. ಹಿಮ ಅವನನ್ನು ಸೋಲಿಸಿತೆಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದಾರೆ, ಅದು ಅರ್ಧ ಮಾತು. ಹಿಮ ಬೀಳುವ ಮೊದಲೇ, ಬೇಸಿಗೆಯ ಬಿಸಿಲಿನಲ್ಲೇ, ಹಸಿವು ಬೇನೆಗಳಿಂದ ಅವನ ಸೈನ್ಯ ಕರಗಿತ್ತು. ದಾರಿ ಉದ್ದವಾದಷ್ಟೂ ಬಂಡಿ ಹಿಂದೆ ಬಿತ್ತು, ಕುದುರೆ ಸತ್ತಿತು.

ಆ ವರ್ಷ ರಷ್ಯದ ಸೇನೆಯ ಜೊತೆ ಪ್ರಷ್ಯದ ಒಬ್ಬ ಅಧಿಕಾರಿ ಇದ್ದ, ಹೆಸರು ಕ್ಲಾಸ್‌ವಿಟ್ಸ್. ಕಂಡದ್ದನ್ನು ಮನಸ್ಸಿನಲ್ಲಿಟ್ಟುಕೊಂಡು ಅವನು ಬರೆದ ಯುದ್ಧದ ಗ್ರಂಥವನ್ನು ಅವನು ಸತ್ತ ಮೇಲೆ 1832ರಲ್ಲಿ ಹೆಂಡತಿ ಅಚ್ಚು ಹಾಕಿಸಿದಳು. ದಾಳಿ ಮುಂದೆ ಹೋದಂತೆಲ್ಲ ಅದರ ಬಲ ಸವೆಯುತ್ತದೆ, ಒಂದು ಬಿಂದುವಿನ ಆಚೆಗೆ ಗೆದ್ದವನೇ ದುರ್ಬಲನಾಗುತ್ತಾನೆ ಎಂಬುದು ಅವನ ವಿಚಾರಗಳಲ್ಲಿ ಒಂದು. ಯುದ್ಧ ರಾಜಕಾರಣದಿಂದ ಬೇರೆಯಲ್ಲ ಎಂಬುದು ಇನ್ನೊಂದು. ಸುಮಾರು ಎಂಬತ್ತು ವರ್ಷದ ಮೇಲೆ ಸ್ವಿಜರ್ಲೆಂಡಿನಲ್ಲಿ ಕುಳಿತಿದ್ದ ಲೆನಿನ್ ಈ ಗ್ರಂಥವನ್ನು ಓದಿ ಟಿಪ್ಪಣಿ ಮಾಡಿಕೊಂಡ. ಕೆಂಪು ಸೇನೆಯವರು ಒಬ್ಬ ಜರ್ಮನ್ ಅಧಿಕಾರಿಯ ಪುಸ್ತಕವನ್ನು ಅಷ್ಟು ಶ್ರದ್ಧೆಯಿಂದ ಓದಿದ್ದು ಹೀಗೆ.

ಈಗ ಇಬ್ಬರು ಮನುಷ್ಯರನ್ನು ತಮಗೆ ಪರಿಚಯ ಮಾಡಿಸಬೇಕು. ನನ್ನ ಮಾತಿನ ತಿರುಳು ಇವರಿಬ್ಬರ ಜಗಳದಲ್ಲಿದೆ.

ಒಬ್ಬ ಸ್ವೆಚಿನ್. ಜಾರನ ಕಾಲದ ಜನರಲ್. 1918ರಲ್ಲಿ ಕೆಂಪು ಸೇನೆಗೆ ಬಂದು ಅದರ ಸೈನಿಕ ವಿದ್ಯಾಲಯದಲ್ಲಿ ಮೇಷ್ಟರಾದ. 1926ರಲ್ಲಿ ‘ಯುದ್ಧನೀತಿ’ ಎಂಬ ಪುಸ್ತಕ ತಂದ. ಜರ್ಮನಿಯ ಇತಿಹಾಸಕಾರ ಡೆಲ್‌ಬ್ರೂಕ್ ಯುದ್ಧವನ್ನು ಎರಡು ಜಾತಿ ಮಾಡಿದ್ದ, ಸ್ವೆಚಿನ್ ಅದನ್ನು ಎತ್ತಿಕೊಂಡು ಬೆಳೆಸಿದ. ಒಂದು ಕೆಡಹುವ ಯುದ್ಧ: ಒಂದೇ ಏಟಿಗೆ ಶತ್ರುವನ್ನು ಮುಗಿಸುವುದು. ಇನ್ನೊಂದು ಸವೆಸುವ ಯುದ್ಧ: ಅವನ ಬಲವನ್ನು, ಬೊಕ್ಕಸವನ್ನು, ಜನರ ತಾಳ್ಮೆಯನ್ನು ದಿನದಿನಕ್ಕೆ ತಿನ್ನುವುದು. ನಮ್ಮದು ರೈತರ ಬಡ ದೇಶ, ಒಂದೇ ಏಟಿನ ಕನಸು ಕಾಣಬೇಡಿ, ಕಾರಖಾನೆ, ರೈಲು, ಧಾನ್ಯ ಎಲ್ಲವನ್ನೂ ಉದ್ದ ಯುದ್ಧಕ್ಕೆ ಸಿದ್ಧಮಾಡಿ, ಯಾವ ಬಗೆಯ ಯುದ್ಧ ಎಂಬುದನ್ನು ಮೊದಲು ರಾಜ್ಯ ನಡೆಸುವವರು ತೀರ್ಮಾನಿಸಿ ಎಂಬುದು ಅವನ ವಾದದ ಒಟ್ಟು ಧೋರಣೆ.

ಇನ್ನೊಬ್ಬ ತುಖಾಚೆವ್‌ಸ್ಕಿ. ಕುಲೀನ ಮನೆತನದವನು, ಆದರೆ ಕ್ರಾಂತಿಯ ಕಡೆ ಬಂದವನು. 1920ರಲ್ಲಿ, ಇಪ್ಪತ್ತೇಳು ವರ್ಷದವನಾಗಿದ್ದಾಗ, ಕೆಂಪು ಸೇನೆಯನ್ನು ಪೋಲೆಂಡಿನ ವಾರ್ಸಾದ ಬಾಗಿಲವರೆಗೂ ಓಡಿಸಿಕೊಂಡು ಹೋದ. ಅಲ್ಲಿಯ ಕೂಲಿಕಾರರು ಎದ್ದು ತನ್ನನ್ನು ಸೇರುತ್ತಾರೆಂಬ ನಿರೀಕ್ಷೆಯೂ ಇತ್ತು. ಅವರು ಏಳಲಿಲ್ಲ. ಹಿಟ್ಟು, ಮದ್ದುಗುಂಡು ಹಿಂದೆಯೇ ಉಳಿದವು. ಪೋಲರು ಬದಿಯಿಂದ ಹೊಡೆದು ಸೋಲಿಸಿದರು. (ಕೆಂಪು ಬಾವುಟ ಕಂಡಕೂಡಲೇ ಪರದೇಶದ ಕೂಲಿಗಾರ ಏಳುತ್ತಾನೆಂದು ನಂಬುವುದು ನಮ್ಮಂಥ ಸಂಘದವರಿಗೂ ಇರುವ ರೋಗ.) ಆದರೂ ಅವನು ಕೆಡಹುವ ಯುದ್ಧವನ್ನು ಬಿಡಲಿಲ್ಲ. ಒಂದು ಏಟು ಸಾಲದಿದ್ದರೆ ಒಂದರ ಹಿಂದೊಂದು ಏಟು, ಶತ್ರುವಿನ ಮುಂದಿನ ಸಾಲಿಗೆ ಮಾತ್ರವಲ್ಲ, ಹಿಂದಿನ ಉಗ್ರಾಣಕ್ಕೂ ರೈಲಿಗೂ ಏಕಕಾಲಕ್ಕೆ ಏಟು ಎಂದ. ತ್ರಿಯಾಂದಫಿಲೊವ್ ಎಂಬವನು 1929ರ ಪುಸ್ತಕದಲ್ಲಿ ಇಂಥ ದಾಳಿಗೆ ಎಷ್ಟು ಫಿರಂಗಿ, ಎಷ್ಟು ಷೆಲ್ಲು, ಎಷ್ಟು ಸಾಗಣೆ ಬೇಕೆಂದು ಲೆಕ್ಕ ಹಾಕಿಕೊಟ್ಟ. ಫಿರಂಗಿ ಕಾಲಾಳು ಸೇರಿ ಒಂದು ಕಡೆ ಗೋಡೆ ಒಡೆಯುವುದು, ಆ ಕಿಂಡಿಯಲ್ಲಿ ಟ್ಯಾಂಕು ನುಗ್ಗಿಸುವುದು, ಮೇಲಿನಿಂದ ವಿಮಾನ, ಹಿಂದುಗಡೆಗೆ ಪ್ಯಾರಾಚೂಟಿನವರು. ಇದನ್ನೇ ಆಳವಾದ ಕಾರ್ಯಾಚರಣೆ ಎಂದರು. 1936ರ ಕೆಂಪು ಸೇನೆಯ ಕೈಪಿಡಿಯಲ್ಲಿ ಈ ವಿಚಾರ ಸೇರಿತು.

ಇಬ್ಬರ ವಾದ ಪುಸ್ತಕದಲ್ಲೇ ಇದ್ದಿದ್ದರೆ ಚೆನ್ನಾಗಿತ್ತು. 1931ರಲ್ಲಿ ಸ್ವೆಚಿನನನ್ನು ಹಿಡಿದು ಒಳಗೆ ಹಾಕಿದಾಗ ತುಖಾಚೆವ್‌ಸ್ಕಿ ಸಭೆ ಕೂಡಿಸಿ ಅವನ ವಿಚಾರವನ್ನು ಕ್ರಾಂತಿದ್ರೋಹವೆಂದು ಜರಿದ. ಆರು ವರ್ಷ ಕಳೆಯುವುದರಲ್ಲಿ ಅದೇ ಮಾತು ಅವನ ಮೇಲೂ ಬಂತು. 1937ರ ಜೂನ್ 12ರಂದು ತುಖಾಚೆವ್‌ಸ್ಕಿಯನ್ನು ಗುಂಡಿಟ್ಟು ಕೊಂದರು. ಬಿಡುಗಡೆಯಾಗಿದ್ದ ಸ್ವೆಚಿನನನ್ನು ಮತ್ತೆ ಹಿಡಿದು 1938ರ ಜುಲೈ 29ರಂದು ಕೊಂದರು. ಸ್ಟಾಲಿನ್ ಸತ್ತ ಮೇಲೆ ಇಬ್ಬರೂ ನಿರಪರಾಧಿಗಳೆಂದು ಸರ್ಕಾರವೇ ಹೇಳಿತು. ಎದುರು ಮಾತಾಡಿದವನನ್ನು ದ್ರೋಹಿಯೆನ್ನುವ ಚಾಳಿ ಯಾವ ಸಂಸ್ಥೆಗೆ ಹಿಡಿಯಲಿ, ಅದು ಮೊದಲು ತನ್ನ ಬಲ್ಲವರನ್ನೇ ತಿನ್ನುತ್ತದೆ.

1941ರ ಜೂನ್ 22ರಂದು ಹಿಟ್ಲರನ ಸೇನೆ ಬಂದಾಗ ಆ ಬೆಲೆ ತೆರಬೇಕಾಯಿತು. ಕೆಲವೇ ತಿಂಗಳಲ್ಲಿ ಲಕ್ಷಗಟ್ಟಲೆ ರಷ್ಯನ್ ಸಿಪಾಯಿಗಳು ಸೆರೆಯಾದರು. ಆಗ ದೇಶವನ್ನು ಉಳಿಸಿದ್ದರಲ್ಲಿ ಕಾರ್ಮಿಕರ ಪಾಲು ಎಷ್ಟೆಂಬುದನ್ನು ಗಿರಣಿಯ ಬಂಧುಗಳು ವಿಶೇಷವಾಗಿ ಗಮನಿಸಬೇಕು. ಆ ವರ್ಷ ಜುಲೈಯಿಂದ ನವೆಂಬರಿನೊಳಗೆ ಒಂದೂವರೆ ಸಾವಿರಕ್ಕೂ ಮಿಕ್ಕ ದೊಡ್ಡ ಕಾರಖಾನೆಗಳನ್ನು ಬಿಚ್ಚಿ, ರೈಲಿಗೆ ಹೇರಿ, ಉರಾಲ್ ಬೆಟ್ಟಗಳ ಕಡೆಗೂ ಅದರ ಆಚೆಗೂ ಸಾಗಿಸಿದರು. ಮೋಹನೆಯ ರೇಯಾನ್ ಗಿರಣಿ 2009ರಲ್ಲಿ ನಿಂತದ್ದನ್ನು ಕಂಡವರು ಇಲ್ಲಿದ್ದಾರೆ. ಒಂದು ಗಿರಣಿ ನಿಂತರೆ ಏನಾಗುತ್ತದೆಂದು ತಮಗೆ ಗೊತ್ತು. ಸಾವಿರದೈನೂರು ಗಿರಣಿಗಳನ್ನು ಎತ್ತಿ ಸಾವಿರಾರು ಮೈಲಿ ಆಚೆ ಮತ್ತೆ ಓಡಿಸುವುದೆಂದರೆ ಏನೆಂದು ತಾವೇ ಊಹಿಸಿ.

ಆಮೇಲೆ ಸ್ಟಾಲಿನ್‌ಗ್ರಾದ್. 1942ರ ಬೇಸಿಗೆಯಿಂದ ಆ ಊರಿನಲ್ಲಿ ಬೀದಿಬೀದಿಗೆ, ಮನೆಮನೆಗೆ ಜರ್ಮನರನ್ನು ಸವೆಸಿದರು. ಅವರ ಕಣ್ಣೆಲ್ಲ ಊರಿನ ಮೇಲೆ ನೆಟ್ಟಿರುವಾಗ, ದೂರದ ಎರಡು ಬದಿಗಳಲ್ಲಿ, ಅವರ ಜೊತೆಗಿದ್ದ ರುಮೇನಿಯದ ದುರ್ಬಲ ಪಡೆ ಕಾಯುತ್ತಿದ್ದ ಜಾಗಗಳಲ್ಲಿ ಗುಟ್ಟಾಗಿ ಬಲ ಕೂಡಿಸಿದರು. ನವೆಂಬರ್ 19ರಂದು ಏಟು ಬಿತ್ತು. ನಾಲ್ಕು ದಿನದಲ್ಲಿ ಎರಡು ಕವಲುಗಳೂ ಕೂಡಿ ಬಳಸು ಮುಗಿಯಿತು. 1943ರ ಫೆಬ್ರವರಿ 2ಕ್ಕೆ ಉಳಿದವರು ಶರಣಾದರು. ಊರೊಳಗೆ ಸ್ವೆಚಿನನ ಸವೆಸುವ ಯುದ್ಧ, ಹೊರಗೆ ತುಖಾಚೆವ್‌ಸ್ಕಿಯ ಆಳವಾದ ಏಟು. ಸತ್ತ ಇಬ್ಬರೂ ಅಲ್ಲಿ ಜೊತೆಯಾಗಿ ಗೆದ್ದರೆಂದು ನನಗೆ ಅನ್ನಿಸುತ್ತದೆ.

ಆ ಸುದ್ದಿ ಮುಂಬಯಿಗೂ ಬಂತು. ಗಿರಣಿಯಲ್ಲಿ ದುಡಿದ ಅಣ್ಣಾಭಾವು ಸಾಠೆಯವರು 1943ರಲ್ಲೇ ಸ್ಟಾಲಿನ್‌ಗ್ರಾದಿನ ಮೇಲೆ ಪೋವಾಡ ಕಟ್ಟಿದರು. ಓದು ಬರಹ ಬಾರದ ಗಿರಣಿ ಕಾಮಗಾರನೂ ವೋಲ್ಗಾ ನದಿಯ ದಂಡೆಯ ಕಾಳಗವನ್ನು ಡಫಿನ ತಾಳದಲ್ಲಿ ಕೇಳಿದ. ಸಾಠೆಯವರು ಮುಂದೆ 1961ರಲ್ಲಿ ರಷ್ಯವನ್ನು ಕಂಡೂ ಬಂದರು. ಆದ್ದರಿಂದ ಕೂಲಿಯವರಿಗೆ ರಷ್ಯದ ಯುದ್ಧ ಏಕೆ ಎಂದು ಕೇಳುವವರಿಗೆ, ಈ ಪ್ರಾಂತದಲ್ಲಿ ಇದು ಹೊಸ ಪದ್ಧತಿಯಲ್ಲ ಎಂದು ಹೇಳಬೇಕಾಗಿದೆ.

ಗೆಲುವಿನ ಬೆಲೆಯನ್ನೂ ಹೇಳಲೇಬೇಕು. ಆ ಯುದ್ಧದಲ್ಲಿ ಸೋವಿಯೆತ್ ದೇಶ ಕಳೆದುಕೊಂಡದ್ದು ಒಟ್ಟು 2 ಕೋಟಿ 66 ಲಕ್ಷ ಜನ ಎಂದು ಅಲ್ಲಿಯವರ ಲೆಕ್ಕ. ಅದರಲ್ಲಿ ಸೇನೆಯವರೇ 86 ಲಕ್ಷಕ್ಕೂ ಹೆಚ್ಚು.

ಮುಂದಿನ ಕಾಲವನ್ನು ಬೇಗ ದಾಟುತ್ತೇನೆ. ಅಣುಬಾಂಬು ಬಂದಮೇಲೆ 1962ರಲ್ಲಿ ಸೊಕೊಲೊವ್‌ಸ್ಕಿಯ ಸಂಪಾದಕತ್ವದಲ್ಲಿ ಬಂದ ಗ್ರಂಥ, ಮುಂದಿನ ದೊಡ್ಡ ಯುದ್ಧ ಅಣ್ವಸ್ತ್ರದಿಂದಲೇ ನಡೆಯುವುದೆಂದು ಹೇಳಿತು. 1970–80ರ ದಶಕಗಳಲ್ಲಿ ಒಗಾರ್ಕೊವ್ ಎಂಬ ಮಾರ್ಷಲ್, ಗುರಿ ತಪ್ಪದ ಹೊಸ ಆಯುಧಗಳೂ ಗಣಕಯಂತ್ರಗಳೂ ಯುದ್ಧವನ್ನೇ ಬದಲಿಸುತ್ತವೆಂದು ಎಚ್ಚರಿಸಿದ. 1991ರಲ್ಲಿ ಸೋವಿಯೆತ್ ಒಕ್ಕೂಟವೇ ಮುಗಿಯಿತು. 2008ರಲ್ಲಿ ಜಾರ್ಜಿಯದ ಮೇಲಿನ ಯುದ್ಧದ ತರುವಾಯ ಸೇನೆಯನ್ನು ಚಿಕ್ಕದು ಮಾಡಿ ಚುರುಕು ಮಾಡುವ ಸುಧಾರಣೆ ನಡೆಯಿತು. 2013ರಲ್ಲಿ ಸೇನಾ ಮುಖ್ಯಸ್ಥ ಗೆರಾಸಿಮೊವ್ ಒಂದು ಲೇಖನ ಬರೆದು, ಈ ಕಾಲದಲ್ಲಿ ಶಾಂತಿ ಯಾವುದು ಯುದ್ಧ ಯಾವುದು ಎಂಬ ಗೆರೆಯೇ ಅಳಿಸುತ್ತಿದೆ, ಸುದ್ದಿ, ಹಣ, ರಾಜಕಾರಣ ಇವೂ ಆಯುಧಗಳೇ ಎಂಬ ಅರ್ಥದ ಮಾತು ಹೇಳಿದ. ಪಶ್ಚಿಮದವರು ಅದಕ್ಕೆ ಗೆರಾಸಿಮೊವ್ ಸಿದ್ಧಾಂತ ಎಂದು ದೊಡ್ಡ ಹೆಸರಿಟ್ಟು ಭಯಪಟ್ಟರು. ಆ ಹೆಸರಿಟ್ಟ ವಿದ್ವಾಂಸರೇ 2018ರಲ್ಲಿ ಅಂಥ ಸಿದ್ಧಾಂತವೇ ಇಲ್ಲ ಎಂದು ಹೇಳಿ ಕ್ಷಮೆ ಕೇಳಿದರು. ಪತ್ರಿಕೆಯಲ್ಲಿ ಬಂದದ್ದೆಲ್ಲ ವೇದವಲ್ಲ, ನಮ್ಮ ಪತ್ರಿಕೆಯೂ ಸೇರಿ.

2022ರ ಫೆಬ್ರವರಿ 24ಕ್ಕೆ ಬರೋಣ. ಅಂದು ರಷ್ಯ ಹೂಡಿದ್ದು ಕೆಡಹುವ ಯುದ್ಧ. 2014ರಲ್ಲಿ ಕ್ರಿಮಿಯ ಹೆಚ್ಚು ಕಡಿಮೆ ಗುಂಡಿಲ್ಲದೆ ಕೈಗೆ ಬಂದಿತ್ತು, ಕೀವ್ ಪಟ್ಟಣವೂ ಕೆಲವೇ ದಿನಗಳಲ್ಲಿ ಬೀಳುತ್ತದೆಂದು ಎಣಿಸಿದರು. ಎರಡು ಲಕ್ಷಕ್ಕೂ ಕಡಿಮೆ ಮಂದಿಯನ್ನು ಹಲವು ದಿಕ್ಕಿಗೆ ಹಂಚಿ ಬಿಟ್ಟರು. ಎದುರಿನವರು ಬಾಗಿಲು ತೆರೆಯಲಿಲ್ಲ. ರಸ್ತೆಯ ಮೇಲೆ ಸಾಲು ನಿಂತ ಲಾರಿಗಳಿಗೆ ಎಣ್ಣೆ ಇಲ್ಲ, ಮುಂದಿನವರಿಗೆ ರೊಟ್ಟಿ ಇಲ್ಲ. 1920ರ ವಾರ್ಸಾದ ಕಥೆಯೇ ಮತ್ತೆ. ಮಾರ್ಚ್ ಮುಗಿಯುವ ಹೊತ್ತಿಗೆ ಕೀವಿನ ಕಡೆಯಿಂದ ಹಿಂದೆ ಸರಿದರು. ತಮ್ಮದೇ ನೆಲದ ಮೇಷ್ಟರು 1926ರಲ್ಲಿ ಬರೆದಿಟ್ಟದ್ದನ್ನು ಕೀವಿಗೆ ಹೊರಟವರು ಮರೆತಿದ್ದರು.

ಒಂದೇ ಏಟು ತಪ್ಪಿದ ಮೇಲೆ ಉಳಿದದ್ದು ಸವೆಸುವುದು. ಅದಕ್ಕೆ ಮೂರು ಪದಾರ್ಥ ಬೇಕು: ಷೆಲ್ಲು, ಹಣ, ಮನುಷ್ಯ. 2022ರ ಸೆಪ್ಟೆಂಬರ್ 21ರಂದು 3 ಲಕ್ಷ ಮಂದಿಯನ್ನು ಸೇನೆಗೆ ಕರೆಯುವ ಆಜ್ಞೆ ಹೊರಟಿತು. ಪಟ್ಟಣದ ಯುವಕರು ಗುಂಪುಗುಂಪಾಗಿ ದೇಶ ಬಿಟ್ಟು ಓಡಿದರು. ಅದೇ ವರ್ಷ ಜೈಲುಗಳಿಗೆ ಹೋಗಿ, ಆರು ತಿಂಗಳು ಕಾದಾಡಿದರೆ ಬಿಡುಗಡೆ ಎಂದು ಆಸೆ ತೋರಿಸಿ ಕೈದಿಗಳನ್ನು ಕರೆತಂದರು. ಬಾಖ್‌ಮುತ್ ಎಂಬ ಒಂದು ಊರಿಗಾಗಿ 2023ರ ಮೇ ತಿಂಗಳವರೆಗೂ ಅವರು ಹುಳುಗಳಂತೆ ಸತ್ತರು. ಮತ್ತೊಮ್ಮೆ ಪಟ್ಟಣದವರನ್ನು ಬಲವಂತದಿಂದ ಕರೆದರೆ ಜನ ಸಿಡಿಮಿಡಿಗೊಳ್ಳುತ್ತಾರೆಂಬ ಅಂಜಿಕೆ ಅಧಿಕಾರದಲ್ಲಿರುವವರಿಗೆ. ಆದ್ದರಿಂದ ಹಣದ ಆಸೆ ತೋರಿಸಿ ಬಡ ಜಿಲ್ಲೆಗಳಿಂದ ತಂದರು, ಅದೂ ಸಾಲದೆ ನೇಪಾಳ, ಶ್ರೀಲಂಕಾ, ಕ್ಯೂಬಾಗಳ ಬಡವರೂ ಸಾಲಿನಲ್ಲಿ ಬಂದು ನಿಂತರು. 2024ರಲ್ಲಿ ಉತ್ತರ ಕೊರಿಯದ ಸಿಪಾಯಿಗಳೂ ಬಂದರು. ಕಲಬುರಗಿಯ ಹುಡುಗರಿಗೆ ಕರೆ ಬಂದದ್ದು ಈ ಲೆಕ್ಕದೊಳಗೆ.

ಒಂದು ಮಾತು ಸ್ವೆಚಿನನ ಪರವಾಗಿ. ಸವೆಸುವ ಯುದ್ಧವೆಂದರೆ ಮನುಷ್ಯರನ್ನು ಸೌದೆಯಂತೆ ಒಲೆಗೆ ಹಾಕುವುದೆಂದು ಅವನು ಹೇಳಲಿಲ್ಲ. ಗುರಿ ಮಿತವಾಗಿರಲಿ, ಕೈಯಲ್ಲಿರುವುದಕ್ಕೆ ತಕ್ಕಂತಿರಲಿ, ದೇಶದ ಆರ್ಥಿಕ ಬಲದ ಮೇಲೆ ನಿಂತಿರಲಿ ಎಂಬುದೇ ಅವನ ಕಾಳಜಿ. ಮೊದಲೇ ಯೋಚಿಸಿ ಆರಿಸಿಕೊಂಡ ದಾರಿ ಬೇರೆ, ಏಟು ತಪ್ಪಿದ ಮೇಲೆ ಬೇರೆ ದಾರಿ ಕಾಣದೆ ಬಿದ್ದ ಹಳ್ಳ ಬೇರೆ. ಎರಡಕ್ಕೂ ಒಂದೇ ಹೆಸರು ಕೊಟ್ಟು ಸೇನಾಪತಿಗಳು ಮರ್ಯಾದೆ ಉಳಿಸಿಕೊಳ್ಳುತ್ತಾರೆ.

ಈ ಭೇದವನ್ನು ನಮ್ಮ ಹಿರಿಯರು ಮೈಮೇಲೆ ಅನುಭವಿಸಿದ್ದಾರೆ. 1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳುತನದಲ್ಲಿ ಮುಂಬಯಿಯ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಎಲ್ಲ ಗಿರಣಿ ಒಟ್ಟಿಗೆ ನಿಂತರೆ ಮಾಲೀಕರು ಬೇಗ ಬಗ್ಗುತ್ತಾರೆಂದು ಬಹಳ ಮಂದಿ ನಂಬಿದ್ದರು. ಮಾಲೀಕರ ಬಳಿ ಮಾರಾಟವಾಗದ ಬಟ್ಟೆಯ ದಾಸ್ತಾನಿತ್ತು, ಭಿವಂಡಿಯ ಪವರ್‌ಲೂಮುಗಳಲ್ಲಿ ಬಟ್ಟೆ ನೇಯಿಸಿಕೊಳ್ಳುವ ದಾರಿಯಿತ್ತು, ಕೈಕೆಳಗಿನ ನೆಲಕ್ಕೆ ಬೆಲೆಯಿತ್ತು. ನಮ್ಮವರ ಬಳಿ ಊರಿನಿಂದ ಬರುವ ಅಕ್ಕಿ, ಹೆಂಡತಿಯ ಕೊರಳಿನ ಬಂಗಾರ. ಕೆಡಹುವ ಯುದ್ಧವೆಂದು ಇಳಿದವರನ್ನು ಸವೆಸುವ ಯುದ್ಧದಲ್ಲಿ ಸಿಕ್ಕಿಸಿದರು. ಒಂದು ವರ್ಷ ಮೀರಿ ನಡೆದ ಆ ಮುಷ್ಕರವನ್ನು ಯಾರೂ ಅಧಿಕೃತವಾಗಿ ಹಿಂತೆಗೆದುಕೊಳ್ಳಲೇ ಇಲ್ಲ. ಕಾರ್ಮಿಕರ ಧೈರ್ಯಕ್ಕೆ ಕೊರತೆಯಿರಲಿಲ್ಲ. ಯಾವ ಬಗೆಯ ಯುದ್ಧ ಎಂಬ ಪ್ರಶ್ನೆಯನ್ನು ಮಾಲೀಕರು ನಮಗಿಂತ ಮೊದಲು ಕೇಳಿಕೊಂಡಿದ್ದರು, ಅಷ್ಟೆ.

ಇನ್ನು ಆ ಹುಡುಗರ ವಿಷಯ. ಯೂಟ್ಯೂಬಿನಲ್ಲಿ ಚಂದದ ವಿಡಿಯೋ ಹಾಕಿ ಕೆಲಸದ ಆಸೆ ತೋರಿಸಿದವರು ಇದ್ದರು. ಅಲ್ಲಿ ಹೋದ ಮೇಲೆ ರಷ್ಯನ್ ಭಾಷೆಯ ಕಾಗದಕ್ಕೆ ಸಹಿ. ಕೆಲಸದ ಹೆಸರು ‘ಹೆಲ್ಪರ್’. ನಮ್ಮಲ್ಲಿ ಹೆಲ್ಪರ್ ಎಂದರೆ ಈರುಳ್ಳಿ ಹೆಚ್ಚುವವನು, ಗೋಣಿ ಇಳಿಸುವವನು. ಅಲ್ಲಿ ಕಂದಕ ತೋಡುವವನು, ಮದ್ದುಗುಂಡು ಹೊರುವವನು, ಬಂದೂಕು ಹಿಡಿಯುವವನು. ಅಂಥದೇ ಕೆಲಸಕ್ಕೆ ಹೋಗಿದ್ದ ಸೂರತ್ ಕಡೆಯ ಯುವಕನೊಬ್ಬ 2024ರ ಫೆಬ್ರವರಿಯಲ್ಲಿ ಸತ್ತ. ಮಾರ್ಚಿನಲ್ಲಿ ಸಿಬಿಐಯವರು ಏಳು ಪಟ್ಟಣಗಳ 13 ಕಡೆ ಶೋಧ ನಡೆಸಿದರು, ಅದರಲ್ಲಿ ನಮ್ಮ ಮುಂಬಯಿಯೂ ಇತ್ತು. ಜುಲೈಯಲ್ಲಿ ಪ್ರಧಾನಮಂತ್ರಿಯವರು ಮಾಸ್ಕೋದಲ್ಲಿ ಮಾತೆತ್ತಿದ ಮೇಲೆ ಬಿಡುಗಡೆ ಚುರುಕಾಗಿ, ಕಲಬುರಗಿಯವರು ಸೆಪ್ಟೆಂಬರಿನಲ್ಲಿ ಜೀವಸಹಿತ ಊರು ಸೇರಿದರು. ಎಲ್ಲರಿಗೂ ಆ ಭಾಗ್ಯವಿರಲಿಲ್ಲ. 2025ರ ಜನವರಿಯಲ್ಲಿ ನಮ್ಮ ವಿದೇಶಾಂಗ ಖಾತೆ ಕೊಟ್ಟ ಲೆಕ್ಕದಂತೆ ರಷ್ಯದ ಸೇನೆಗೆ ಸೇರಿದ್ದ ಭಾರತೀಯರು 126, ಹಿಂದಿರುಗಿದವರು 96, ಸತ್ತವರು 12, ಪತ್ತೆಯಿಲ್ಲದವರು 16.

ನಮ್ಮಂಥವರಿಗೆ ಇಲ್ಲಿ ಒಂದು ವಿಶೇಷ ಅಪಾಯವಿತ್ತು. ಹತ್ತನೆಯ ಇಯತ್ತೆ ಮುಗಿಸದವನು ಕೊಲ್ಲಿಯ ದೇಶಗಳಿಗೆ ಕೂಲಿಗೆ ಹೋಗಬೇಕಾದರೆ, 1983ರ ವಲಸೆ ಕಾನೂನಿನಂತೆ ಸರ್ಕಾರದ ಅನುಮತಿ ಬೇಕಿತ್ತು. ಅದು ರಗಳೆಯ ಕೆಲಸವಾದರೂ ಒಂದು ಬೇಲಿ. ಆ ಬೇಲಿ ಇದ್ದದ್ದು 18 ದೇಶಗಳಿಗೆ, ಅವುಗಳಲ್ಲಿ ರಷ್ಯ ಇರಲಿಲ್ಲ. ‘ರಷ್ಯಕ್ಕೆ ಯಾವ ಕ್ಲಿಯರೆನ್ಸೂ ಬೇಡ ಮಾರಾಯ, ಟಿಕೆಟು ತಗೊಂಡು ಹತ್ತುವುದೊಂದೇ’ ಎಂದು ದಲ್ಲಾಳಿ ಹೇಳಿದರೆ ಅದು ಅನುಕೂಲದ ಮಾತಲ್ಲ, ನಿಮ್ಮನ್ನು ಕೇಳುವವರು ಯಾರೂ ಇಲ್ಲ ಎಂದು ಅದರ ಅರ್ಥ. ಪ್ರವಾಸದ ವೀಸಾದ ಮೇಲೆ ಕೂಲಿ ಕೆಲಸಕ್ಕೆ ಕಳಿಸುತ್ತೇನೆನ್ನುವವನನ್ನು ಅಲ್ಲಿಯೇ ಬಿಟ್ಟು ಏಳಿ. ಕಳಿಸುವವನ ಹೆಸರು ಸರ್ಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿದೆಯೇ ನೋಡಿ. ನಿಮಗೆ ಓದಲು ಬಾರದ ಭಾಷೆಯ ಕಾಗದಕ್ಕೆ ಹೆಬ್ಬೆಟ್ಟೂ ಬೇಡ, ಸಹಿಯೂ ಬೇಡ.

ಸಂಘದ ಕೋಣೆ ಪ್ರತಿ ಭಾನುವಾರ ಮಧ್ಯಾಹ್ನ ಮೂರಕ್ಕೆ ತೆರೆಯುತ್ತದೆ. ಆ ಹೊತ್ತಿಗೆ ಹೋಟೆಲಿನವರಿಗೂ ಸ್ವಲ್ಪ ಬಿಡುವು. ಪರದೇಶದ ಕೆಲಸದ ಕಾಗದ ಯಾರ ಕೈಗೆ ಬಂದರೂ ಹಣ ಕಟ್ಟುವ ಮೊದಲು ತೆಗೆದುಕೊಂಡು ಬನ್ನಿ. ತುರ್ಭೆ, ವಾಶಿ ಕಡೆಯವರು ಅಷ್ಟು ದೂರ ಬರಲಾಗದಿದ್ದರೆ ಕಾಗದದ ಫೋಟೋ ಕಳಿಸಿ. ನಾವು ನಾಲ್ಕು ಜನ ಕೂತು ಓದಿಸಿ ಹೇಳುತ್ತೇವೆ.